ಕರಪತ್ರದ ಕೊನೆಯ ಸಾಲು

2025ರ ಫೆಬ್ರವರಿ 13, ಗುರುವಾರ. ಬೆಳಿಗ್ಗೆ 10.20ಕ್ಕೆ ದುಬೈಯ ಒಂದು ಪೊಲೀಸ್ ಠಾಣೆಗೆ ದೂರು ತಂದವನು ಕರಾವಳಿ ಕನ್ನಡಿಗರ ಕೂಟದ ಕಾರ್ಯದರ್ಶಿ ರಿತೇಶ್. ಕೈಯಲ್ಲಿ ಒಂದು ಕರಪತ್ರ. ಲೆಫ್ಟಿನೆಂಟ್ ಒಬೈದ್ ಅದನ್ನು ತಲೆಕೆಳಗಾಗಿ ಹಿಡಿದು ಒಮ್ಮೆ, ನೇರವಾಗಿ ಹಿಡಿದು ಒಮ್ಮೆ ನೋಡಿ, ಭಾಷಾಂತರಕಾರ ಶ್ರೀನಿಧಿಯನ್ನು ಕರೆಸಿದರು. ಮಂಗಳೂರಿನ ಶ್ರೀನಿಧಿ ಎಂಟು ವರ್ಷಗಳಿಂದ ಠಾಣೆಯಲ್ಲಿ ಹಿಂದಿ, ಮಲಯಾಳಂಗಳನ್ನು ಅರಬ್ಬಿಗೆ ಇಳಿಸುತ್ತಿದ್ದವನು. ಸ್ವಂತ ಭಾಷೆಗೆ ಕೆಲಸ ಸಿಕ್ಕಿದ್ದು ಅಂದೇ ಮೊದಲು. ಆ ಖುಷಿ ಎರಡನೇ ಸಾಲು ಓದುವಷ್ಟರಲ್ಲಿ ಇಳಿದುಹೋಯಿತು.

ಕೂಟಕ್ಕೆ ತನ್ನದೇ ಒಂದು ನ್ಯಾಯಪೀಠವಿತ್ತು. ಸಂಸಾರ ಕೆಟ್ಟವರು, ಒಂದೇ ಅಡುಗೆಮನೆ ಹಂಚಿಕೊಂಡು ಕಿತ್ತಾಡುವವರು ಕೋರ್ಟಿಗೆ ಹೋಗುವ ಮೊದಲು ಅಲ್ಲಿ ಕೂರುತ್ತಿದ್ದರು. ಮೂವರು ನ್ಯಾಯದರ್ಶಿಗಳನ್ನು ಸದಸ್ಯರೇ ಓಟು ಹಾಕಿ ಆರಿಸಬೇಕು. ಅವರ ದೇವರು ಅವರವರ ಮನೆಯಲ್ಲಿರಲಿ, ಪ್ರಚಾರಕ್ಕೂ ತೀರ್ಪಿಗೂ ಬರಬಾರದು ಎಂಬುದು ಏಳನೇ ನಿಯಮ. ಈ ಸಲ ಖಾಲಿಯಿದ್ದುದು ಒಂದೇ ಸ್ಥಾನ. ಸ್ಪರ್ಧೆಯಲ್ಲಿದ್ದವರು ದುಬೈಯ ಸತ್ವಾ ಬಡಾವಣೆಯ ದರ್ಜಿ ಇಲ್ಯಾಸ್ ಮತ್ತು ಅಬುಧಾಬಿಯ ನರ್ಸ್ ವೆರೋನಿಕಾ. ಮತದಾನ 23ಕ್ಕೆ.

ಕರಪತ್ರ ಇಲ್ಯಾಸ್ ಹೆಸರಿನಲ್ಲಿತ್ತು. ‘ನಾನು ಗೆದ್ದರೆ ನನ್ನ ಧರ್ಮದ ಪ್ರಕಾರವೇ ತೀರ್ಪು. ಬೇರೆಯವರ ನಂಬಿಕೆಗೆ ಪೀಠದಲ್ಲಿ ಬೆಲೆಯಿಲ್ಲ. ಓದಿದ್ದಕ್ಕೆ ಅಲ್ಲಾಹನು ಒಳ್ಳೆಯದು ಮಾಡಲಿ.’ ಹಿಂದಿನ ದಿನ ಬೆಳಿಗ್ಗೆ ಸತ್ವಾದ ವಿಲ್ಲಾಗಳ ಬಾಗಿಲಡಿ ಯಾರೋ ಇದನ್ನು ತೂರಿಸಿ ಹೋಗಿದ್ದರು.

ಊರಿನಲ್ಲಾದರೆ ಎಫ್‌ಐಆರ್ ಎನ್ನುತ್ತಿದ್ದರು. ಇಲ್ಲಿ ದೂರಿಗೆ ನಂಬರು ಬಿತ್ತು. ಕಲಂ ಧಾರ್ಮಿಕ ದ್ವೇಷದ್ದು. ಸಾಬೀತಾದರೆ ಜೈಲು, ಆಮೇಲೆ ಗಡೀಪಾರು.

ಮಧ್ಯಾಹ್ನ 12.05ಕ್ಕೆ ಇಲ್ಯಾಸ್ ಬಂದ. ಅಳತೆ ಟೇಪು ಇನ್ನೂ ಕೊರಳಲ್ಲೇ ಇತ್ತು.

“ಈ ಹಾಳೆ ನಿಮ್ಮದೇ?” ಒಬೈದ್ ಕೇಳಿದರು.

“ಅಲ್ಲ ಸರ್.”

“ಹೆಸರು ನಿಮ್ಮದು.”

“ಹೆಸರು ನನ್ನದೇ. ಮಾತು ನನ್ನದಲ್ಲ.”

“ಆಧಾರ?”

ಇಲ್ಯಾಸ್ ಶ್ರೀನಿಧಿಯ ಕಡೆ ತಿರುಗಿದ. “ಎಂತ ಆಧಾರ ಕೊಡುದು ಮಾರಾಯ್ರೆ? ಇಪ್ಪತ್ತೆರಡು ವರ್ಷ ಆಯ್ತು ನಾನು ಇಲ್ಲಿ. ಹೆಂಡತಿ ಬೀಫಾತಿಮಳಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಉಂಟು. ನನ್ನನ್ನು ಕಳಿಸಿದ್ರೆ ಅವಳ ವೀಸಾ ಸಹ ಖಲಾಸ್.”

ಶ್ರೀನಿಧಿ ಅಷ್ಟನ್ನೂ ಅರಬ್ಬಿಗೆ ಇಳಿಸಿದ. ಮೇಲೊಂದು ಮಾತು ಸೇರಿಸುವ ಅಧಿಕಾರ ಅವನಿಗಿರಲಿಲ್ಲ. ಆದರೆ ಕರಪತ್ರದ ಕೊನೆಯ ಸಾಲು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

“ಇಲ್ಯಾಸಾಕ,” ಊರಿನಲ್ಲಿ ಬ್ಯಾರಿ ಹಿರಿಯರನ್ನು ಕರೆಯುವಂತೆಯೇ ಕರೆದ ಶ್ರೀನಿಧಿ. “ನೀವು ಥ್ಯಾಂಕ್ಸ್ ಹೇಳುದು ಹೇಗೆ?”

“ಥ್ಯಾಂಕ್ಸ್ ಅಂತಲೇ. ನಮ್ಮವರಾದ್ರೆ ಜಝಾಕಲ್ಲಾಹ್, ಅದನ್ನು ಕನ್ನಡ ಮಾಡಿ ಹೇಳುವ ಕ್ರಮ ಇಲ್ಲ. ಯಾಕೆ?”

ಶ್ರೀನಿಧಿ ಲೆಫ್ಟಿನೆಂಟರಿಗೆ ಬಿಡಿಸಿ ಹೇಳಿದ. “ಸರ್, ಕೊನೆಯ ಸಾಲು ಹಾರೈಕೆ ಅಲ್ಲ, ಥ್ಯಾಂಕ್ಸ್. ನಮ್ಮ ಕಡೆ ಕೊಂಕಣಿ ಕ್ರೈಸ್ತರು ‘ದೇವ್ ಬರೆಂ ಕರುಂ’ ಅನ್ನುತ್ತಾರೆ. ದೇವರು ಒಳ್ಳೆಯದು ಮಾಡಲಿ ಎಂದರೆ ಅವರಲ್ಲಿ ಥ್ಯಾಂಕ್ಸ್ ಎಂದೇ ಅರ್ಥ. ಬರೆದವನು ದೇವ್ ತೆಗೆದು ಅಲ್ಲಾಹ್ ಹಾಕಿದ್ದಾನೆ. ಉಳಿದದ್ದು ಅವನ ಮನೆಮಾತು.”

“ಇದು ಸಾಕ್ಷಿಯಾಗುವುದಿಲ್ಲ.”

“ಆಗುವುದಿಲ್ಲ ಸರ್. ಯಾವ ಕಡೆ ಹುಡುಕಬೇಕೆಂದು ಗೊತ್ತಾಗುತ್ತದೆ.”

ಒಬೈದ್ ಇಲ್ಯಾಸ್‌ನ ಪಾಸ್‌ಪೋರ್ಟ್ ಇಟ್ಟುಕೊಂಡು ಮನೆಗೆ ಕಳಿಸಿದರು. ಆ ಸಂಜೆಯೇ ಸತ್ವಾದ ಗ್ರೋಸರಿಯೊಂದರ ಸಿಸಿಟಿವಿ ದೃಶ್ಯ ತರಿಸಿದರು. 12ರ ಬೆಳಿಗ್ಗೆ 6.10. ಹೋಟೆಲ್ ಸಮವಸ್ತ್ರದ ಕೋಟು ತೊಟ್ಟವನೊಬ್ಬ ಬಾಗಿಲಿಂದ ಬಾಗಿಲಿಗೆ ಬಗ್ಗಿ ಏಳುತ್ತಿದ್ದ. ಮುಖ ಅರ್ಧ ಮಾತ್ರ ಕಾಣುತ್ತಿತ್ತು.

ಸೋಮವಾರ, 17. ಬೆಳಿಗ್ಗೆ 11ಕ್ಕೆ ವೆರೋನಿಕಾ ಅಬುಧಾಬಿಯಿಂದ ಬಸ್ಸಿನಲ್ಲಿ ಬಂದರು.

“ಈ ಕರಪತ್ರದಿಂದ ಲಾಭ ಯಾರಿಗೆ?” ಒಬೈದ್ ಕೇಳಿದರು.

“ನನಗೇ,” ಎಂದರು ಅವರು, ಸುತ್ತುಬಳಸದೆ.

ಒಬೈದ್ ಚಿತ್ರವನ್ನು ಮುಂದಿಟ್ಟರು. ವೆರೋನಿಕಾ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಪರಿಚಯ ಇದೆಯೇ?”

“ಇಲ್ಲ ಅಂತ ಹೇಳ್ಲಿಕ್ಕೆ ಆಸೆ ಉಂಟು. ಆದ್ರೆ ಹೇಳ್ಲಿಕ್ಕೆ ಆಗುದಿಲ್ಲ. ಇವ ಲಾಯ್ಡ್. ಇವನ ಹೆಂಡತಿ ಶಾರನ್ ನಮ್ಮ ವಾರ್ಡಿನಲ್ಲಿ ಹೆತ್ತದ್ದು.”

ತನ್ನ ಪರವಾಗಿ ತಪ್ಪು ಮಾಡಿದವನ ಹೆಸರು ಹೇಳಲು ಆ ಹೆಂಗಸಿಗೆ ಎಷ್ಟು ಕಷ್ಟವಾಯಿತೆಂದು ಶ್ರೀನಿಧಿ ಕಣ್ಣಾರೆ ಕಂಡ. ಇಂಥವರು ಪೀಠದಲ್ಲಿ ಕೂತರೆ ಯಾರಿಗೂ ಅನ್ಯಾಯವಾಗದು ಎನಿಸಿತು. ಹೊರಡುವಾಗ ಅವರು ಇಲ್ಯಾಸ್‌ನ ಅಂಗಡಿಯ ದಾರಿ ಕೇಳಿಕೊಂಡು ನೇರ ಅಲ್ಲಿಗೇ ಹೋದರು.

ಮಧ್ಯಾಹ್ನ 3.40ಕ್ಕೆ ಹೋಟೆಲಿನ ಸಿಬ್ಬಂದಿ ಬಾಗಿಲಲ್ಲಿ ಲಾಯ್ಡ್ ಸಿಕ್ಕಿದ. ಲ್ಯಾಪ್‌ಟಾಪಿನಲ್ಲಿ ಕರಪತ್ರದ ಕರಡು ಇತ್ತು. ವಶಪಡಿಸಿಕೊಂಡ ವಸ್ತುಗಳ ಪಟ್ಟಿಗೆ ಇಬ್ಬರು ಸಾಕ್ಷಿಗಳು ಸಹಿ ಹಾಕಿದರು. ಹೆಸರು ಬೇರೆ, ಊರಿನ ಪಂಚನಾಮೆಯೇ ಅದು.

“ಯಾಕೆ ಮಾಡಿದೆ?”

“ಶಾರನ್‌ಗೆ ಹೆರಿಗೆ ಆದ ಮೇಲೆ ರಕ್ತ ನಿಲ್ಲಲಿಲ್ಲ ಸರ್. ವೆರೋನಿಕಾ ಸಿಸ್ಟರ್ ಡ್ಯೂಟಿ ಮುಗಿದ್ರೂ ಮನೆಗೆ ಹೋಗ್ಲಿಲ್ಲ. ಅವಳು ಉಳಿದದ್ದು ಅವರಿಂದ. ಎಂತ ಕೊಟ್ರೂ ಅವರು ತಕೊಳ್ಳುದಿಲ್ಲ. ಓಟಿನಲ್ಲಾದ್ರೂ ಗೆಲ್ಲಿಸುವ ಅಂತ ಗ್ರಹಿಸಿದೆ.”

“ಇಲ್ಯಾಸ್ ಮೇಲೆ ಸಿಟ್ಟಿತ್ತೇ?”

“ಇಲ್ಲ. ನನ್ನ ಮದುವೆಯ ಕೋಟು ಹೊಲಿದದ್ದು ಅವರೇ.” ಲಾಯ್ಡ್ ಮುಖ ಮುಚ್ಚಿಕೊಂಡ. “ಅವರ ಹೆಂಡತಿಗೆ ಸೌಖ್ಯ ಇಲ್ಲ ಅಂತ ನಂಗೆ ಗೊತ್ತಿರ್ಲಿಲ್ಲ.”

ಮರುದಿನ ಇಲ್ಯಾಸ್ ಪಾಸ್‌ಪೋರ್ಟ್ ಒಯ್ಯಲು ಬಂದ. ಶ್ರೀನಿಧಿಯ ಎರಡೂ ಕೈ ಹಿಡಿದುಕೊಂಡು, “ನಿಮ್ಮ ಉಪಕಾರ ನಾನು ಸಾಯುವವರೆಗೆ ಮರೆಯುದಿಲ್ಲ,” ಎಂದ. ಲೆಫ್ಟಿನೆಂಟರಿಗೂ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದ. ಆಮೇಲೆ ಮೆಲ್ಲಗೆ ಕೇಳಿದ, “ಆ ಹುಡುಗನ ಮಗುವಿಗೆ ಎಷ್ಟು ತಿಂಗಳು?”

“ಏಳು.”

ಇಲ್ಯಾಸ್ ಒಂದು ಹಾಳೆ ಕೇಳಿ ಪಡೆದು, ಲಾಯ್ಡ್ ಮೇಲೆ ತನಗೆ ದೂರಿಲ್ಲವೆಂದೂ ದಯೆ ತೋರಬೇಕೆಂದೂ ಕನ್ನಡದಲ್ಲಿ ಬರೆದುಕೊಟ್ಟ. ಶ್ರೀನಿಧಿ ಅದನ್ನು ಅರಬ್ಬಿಗೆ ತಂದ.

“ಶಿಕ್ಷೆ ನನ್ನ ಕೈಯಲ್ಲಿಲ್ಲ,” ಎಂದರು ಒಬೈದ್. “ಆದರೆ ಇದು ಕಡತದ ಮೊದಲ ಪುಟವಾಗಿ ಹೋಗುತ್ತದೆ.”

ಉಳಿದದ್ದು ಅಂತಿಮ ವರದಿ. ಅದರಲ್ಲಿ ಅಪರಾಧದ ಪ್ರೇರಣೆ ಎಂಬ ಅಂಕಣವಿದೆ. ಈ ಕಲಮಿನ ಕಡತಗಳಲ್ಲಿ ಅಲ್ಲಿ ಶ್ರೀನಿಧಿ ಬರೆಯುತ್ತ ಬಂದದ್ದು ಒಂದೇ ಪದ, ದ್ವೇಷ. ಇವತ್ತು ಬೇರೆ ಪದ ಬರೆದು ಹಾಳೆಯನ್ನು ಒಬೈದ್ ಮುಂದಿಟ್ಟ.

“ಕೃತಜ್ಞತೆ,” ಎಂದು ಓದಿ ಒಬೈದ್ ತಲೆಯೆತ್ತಿದರು. “ಅನುವಾದ ತಪ್ಪಿಲ್ಲ ತಾನೇ?”

“ಇಲ್ಲ ಸರ್.”

ಅವರು ಇನ್ನೊಮ್ಮೆ ಓದಿ ಸಹಿ ಹಾಕಿದರು.