ಹದಿನೇಳನೇ ನಂಬರಿನ ಡಿಸ್ಕಸ್

ನಾನು ಹನುಮೇಶನಿಗೆ ಹೇಳಿದ ಮೊಟ್ಟಮೊದಲ ಮಾತು ‘ರಿಜೆಕ್ಟ್’.

ಪೀಣ್ಯದ ನಮ್ಮ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ಲೇತ್‌ನಿಂದ ಬಂದ ಪ್ರತಿ ಬಿಡಿಭಾಗವನ್ನೂ ಅಳೆದು, ತೂಗಿ, ಸರಿಯಿದ್ದರೆ ಅದರ ಮೇಲೆ ನನ್ನ ನಂಬರಿನ ಅಚ್ಚಿರುವ ಉಕ್ಕಿನ ಪಂಚ್ ಇಟ್ಟು ಸುತ್ತಿಗೆಯಿಂದ ಒಂದೇಟು ಹೊಡೆಯುವುದು ನನ್ನ ಕೆಲಸ. ನನ್ನ ನಂಬರು ಹದಿನೇಳು. ಹದಿನೇಳು ಬಿದ್ದ ಮಾಲು ಆರು ವರ್ಷಗಳಲ್ಲಿ ಒಮ್ಮೆಯೂ ವಾಪಸ್ ಬಂದಿಲ್ಲ. ಈ ವಿಷಯದಲ್ಲಿ ನನಗೆ ಕೊಂಚ ಜಂಬವಿದೆ, ಸುಳ್ಳೇಕೆ ಹೇಳಲಿ.

ಅವತ್ತು ಊಟದ ಬೆಲ್ ಆದಮೇಲೆ ಪ್ರೆಸ್ ಶಾಪಿನ ಆಪರೇಟರ್ ಒಬ್ಬ ನನ್ನ ರೂಮಿನ ಬಾಗಿಲ ತುಂಬ ನಿಂತಿದ್ದ. ಆರಡಿ ಮೂರಿಂಚು ಎತ್ತರ, ಅದಕ್ಕೆ ತಕ್ಕ ಭುಜ. ಟವೆಲ್ ಸುತ್ತಿದ ಏನನ್ನೋ ಹಸುಗೂಸಿನ ಹಾಗೆ ಎದೆಗೆ ಅವಚಿಕೊಂಡಿದ್ದ.

“ಮೇಡಮ್ಮರ, ಇದರದೊಂದೀಟು ತೂಕ ನೋಡ್ತೀರೇನ್ರಿ?”

ಟವೆಲ್ ಬಿಚ್ಚಿದರೆ ಡಿಸ್ಕಸ್, ಕ್ರೀಡಾಕೂಟದಲ್ಲಿ ಎಸೆಯುವ ಚಕ್ರ. ಮರದ ಮೈ, ನಡುವೆ ಪುಟ್ಟ ಲೋಹದ ತಟ್ಟೆ, ಸುತ್ತ ಉಕ್ಕಿನ ಅಂಚು. ಕಲ್ಲುನೆಲಕ್ಕೆ ಬಿದ್ದು ಬಿದ್ದು ಅಂಚು ಅಲ್ಲಲ್ಲಿ ನುಣ್ಣಗೆ ಸವೆದಿತ್ತು.

“ಎಷ್ಟಿರಬೇಕು?”

“ಎರಡು ಕೆ.ಜಿ.ರಿ. ಅದಕ್ಕಿಂತ ಕಡಿಮಿ ಇರಬಾರ್ದು. ಹೋದ ಐತಾರ ಇದನ್ನ ಅರವತ್ತು ಮೀಟರ್ ಒಗದೀನ್ರಿ.” ಅರವತ್ತು ಎನ್ನುವಾಗ ಅವನ ಮುಖ ಬೆಳಗಿತು.

ತಕ್ಕಡಿಯಲ್ಲಿಟ್ಟೆ. ಸಾವಿರದ ಒಂಬೈನೂರ ಎಂಬತ್ತೊಂದು ಗ್ರಾಂ.

“ರಿಜೆಕ್ಟ್,” ಎಂದೆ. “ಹತ್ತೊಂಬತ್ತು ಗ್ರಾಂ ಕಮ್ಮಿ ಇದೆ. ನಿಮ್ಮ ಅರವತ್ತು ನಿಜವಾದ ಅರವತ್ತಲ್ಲ ಕಣ್ರೀ.”

ಅವನು ತಕ್ಕಡಿಯನ್ನು ನೋಡಿದ, ನನ್ನನ್ನು ನೋಡಿದ. ಸಿಟ್ಟಾಗುತ್ತಾನೆ ಎಂದುಕೊಂಡಿದ್ದೆ.

“ಛಲೋ ಆತ್ರಿ,” ಎಂದ. “ಎಲ್ಲಾರೂ ಶಬ್ಬಾಸ್ ಅಂದ್ರು. ತೂಕ ನೋಡಿದವ್ರು ನೀವೊಬ್ಬರ.”

ನಿಜ ಹೇಳಬೇಕೆಂದರೆ, ಅವನು ನನಗೆ ಹಿಡಿಸಿದ್ದು ಆಗಲೇ.

ಟೂಲ್ ರೂಮಿನ ಶ್ಯಾಮಣ್ಣ ನಮ್ಮಲ್ಲಿ ಎಲ್ಲರಿಗಿಂತ ಹಳಬರು. ಡಿಸ್ಕಸ್ಸಿನ ನಡುವಿನ ತಟ್ಟೆಯ ಅಡಿಗೆ ಕೂರುವಂತೆ ಒಂದು ಹಿತ್ತಾಳೆ ವಾಷರ್ ಮಾಡಿಕೊಡಿ ಎಂದು ಅವರನ್ನು ಕೇಳಿದೆ. ಕಮ್ಮಿ ಇದ್ದದ್ದು ಹತ್ತೊಂಬತ್ತು ಗ್ರಾಂ. ನಾನು ಹೇಳಿದ್ದು ಇಪ್ಪತ್ನಾಲ್ಕು.

“ಐದು ಗ್ರಾಂ ಜಾಸ್ತಿ ಯಾಕಮ್ಮ?”

“ಇರ್ಲಿ ಶ್ಯಾಮಣ್ಣ. ಸವೆಯೋ ವಸ್ತು.”

“ಇದು ಯಾವ ಕಸ್ಟಮರ್ ಆರ್ಡರ್ ಅಂತ ಬರ್ಕೊಳ್ಳಲಿ, ಶೈಲಶ್ರೀ?” ಎಂದು ಕಿಚಾಯಿಸಿದರು. ನನ್ನ ಕಿವಿ ಬಿಸಿಯಾಯಿತು.

ಭಾನುವಾರ ಬೆಳಿಗ್ಗೆ ನಾಗಸಂದ್ರದ ಆಚೆಯ ಬಯಲಿನಲ್ಲಿ ಅವನ ಅಭ್ಯಾಸ. ಟೇಪ್ ಹಿಡಿಯಲು ಜನ ಬೇಕು ಎಂದ. ನಾನು ಹೋದೆ. ಅವನು ಒಂದೂವರೆ ಸುತ್ತು ಗಿರ್ರನೆ ತಿರುಗಿ ಕೈ ಬಿಟ್ಟಾಗ ಡಿಸ್ಕಸ್ ಸದ್ದಿಲ್ಲದೆ ಗಾಳಿಯ ಮೇಲೆ ಮಲಗಿ ಹೋಗುತ್ತಿತ್ತು. ಅವನು ಅದನ್ನು ನೋಡುತ್ತಲೇ ಇರಲಿಲ್ಲ, ನನ್ನನ್ನು ನೋಡುತ್ತಿದ್ದ.

“ಎಷ್ಟಾತ್ರಿ?”

“ಐವತ್ತೆಂಟು ಮೀಟರ್ ಇಪ್ಪತ್ತು.”

“ಒಂದೆರಡು ಸೆಂಟಿಮೀಟರ್ ಸೇರಿಸಿ ಹೇಳಬಾರ್ದೇನ್ರಿ?”

“ಸೇರಿಸಿದ್ರೆ ಖುಷಿ ಆಗುತ್ತಾ?”

“ಇಲ್ರಿ,” ಎಂದು ನೆಲ ನೋಡಿ ನಗುತ್ತಿದ್ದ. ಅಷ್ಟು ದೊಡ್ಡ ಆಳು ಹಾಗೆ ನಾಚುವುದನ್ನು ನೋಡಲೆಂದೇ ನಾನು ಮತ್ತೆ ಮತ್ತೆ ಅಳೆಯುತ್ತಿದ್ದೆ.

ಎಂಟು ತಿಂಗಳು ಹೀಗೇ ಕಳೆಯಿತು. ರಾಷ್ಟ್ರೀಯ ಕೂಟದಲ್ಲಿ ಎರಡನೆಯವನಾಗಿ ಅವನು ಭಾರತ ತಂಡ ಸೇರಿದ. ಏಷ್ಯನ್ ಚಾಂಪಿಯನ್‌ಶಿಪ್. ಹೊರಡುವ ಹಿಂದಿನ ದಿನ ಕೊನೆಯ ಬಾರಿ ತೂಕ ಹಾಕಿಸಲು ಬಂದ. ಎರಡು ಸಾವಿರದ ಐದು ಗ್ರಾಂ, ಬಯಲಿನ ಮೆತ್ತನೆ ಮಣ್ಣಿಗೆ ಬಿದ್ದು ಒಂದು ಗ್ರಾಮೂ ಸವೆದಿರಲಿಲ್ಲ.

“ಅಲ್ಲಿ ಖರೇ ಅರವತ್ತು ಒಗದ್ರ, ಬಂದು ನಿಮ್ಮ ಕೂಡ ಒಂದು ಮಾತು ಹೇಳೂದೈತ್ರಿ.”

“ಒಗೀದಿದ್ರೆ?”

“ಒಗೀದಿದ್ರ ಹೇಳಾಕ ಬಾಯಿ ಬರಂಗಿಲ್ರಿ.”

ಅದು ಯಾವ ಮಾತೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ಎದೆ ತುಂಬಿ ಬಂತು. ಆ ತುಂಬಿದ ಎದೆಯಲ್ಲೇ ಪಂಚ್ ಕೈಗೆತ್ತಿಕೊಂಡೆ, ಉಕ್ಕಿನ ಅಂಚಿನ ಮೇಲಿಟ್ಟು ಟಕ್ ಎಂದು ಹೊಡೆದೆ. ಹದಿನೇಳು. ಅವನು ಅದರ ಮೇಲೆ ಹೆಬ್ಬೆರಳು ಸವರಿದ. ಆಮೇಲೆ ಇನ್ನೊಮ್ಮೆ ಸವರಿದ.

ಫೈನಲ್ ದಿನ ಬೆಳಿಗ್ಗೆ ಒಂಬತ್ತಕ್ಕೆ ವಿಡಿಯೋ ಕಾಲ್ ಬಂತು. ಪರದೇಶದ ಯಾವುದೋ ಕಾರಿಡಾರಿನಲ್ಲಿ ಅವನು ನೆಲದ ಮೇಲೆ ಕೂತಿದ್ದ.

“ಮೇಡಮ್ಮರ, ಹದಿನೇಳು ರಿಜೆಕ್ಟ್ ಆತ್ರಿ.”

ಸ್ಪರ್ಧೆಗೆ ಮುಂಚೆ ಅಧಿಕಾರಿಗಳು ಪ್ರತಿಯೊಬ್ಬರ ಡಿಸ್ಕಸ್ಸನ್ನೂ ಪರೀಕ್ಷಿಸುತ್ತಾರಂತೆ. ಅಂಚು ಸುತ್ತಲೂ ನುಣುಪಾಗಿರಬೇಕು, ಸಣ್ಣ ತಗ್ಗೂ ಇರಬಾರದು. ನನ್ನ ಪಂಚ್ ಒತ್ತಿದ ಗುರುತೇ ದೋಷ. ಒಂದು ಗಂಟೆಯೊಳಗೆ ಸರಿಮಾಡಿ ತಂದರೆ ಮತ್ತೆ ನೋಡುತ್ತೇವೆ ಎಂದಿದ್ದರು.

ಆರು ವರ್ಷಗಳಲ್ಲಿ ವಾಪಸ್ ಬಂದ ನನ್ನ ಮೊದಲ ಮಾಲು ಅದು. ಬರಲಿಕ್ಕೆ ಅದಕ್ಕೆ ಇದೇ ದಿನ ಬೇಕಿತ್ತೇ? ಅವನ ಇಡೀ ಜೀವನದ ಒಂದು ಅವಕಾಶಕ್ಕೆ ನಾನೇ ಕಲ್ಲು ಹಾಕಿದ್ದೆ.

“ನೀವೇನೂ ಚಿಂತಿ ಮಾಡಬ್ಯಾಡ್ರಿ. ಬ್ಯಾರೇದವ್ರ ಡಿಸ್ಕ್ ತಗೊಂಡು ಒಗೀಬಹುದಂತ. ಈ ಹದಿನೇಳನ್ನ ಒರಸಾಕ ನನಗ ಮನಸ್ಸು ಬರವಲ್ದು.”

ನನಗೆ ಅಳು ಬರಬೇಕಿತ್ತು. ಬಂದದ್ದು ಸಿಟ್ಟು.

“ಹನುಮೇಶ, ಸುಮ್ನೆ ಉಜ್ಜೋ ಅರ ತಗೊಳ್ಳಿ ಕೈಗೆ. ನಿಮ್ಮ ಕೋಚ್ ಹತ್ರ ಇದ್ದೇ ಇರುತ್ತೆ. ಹೊಡೆದವಳು ನಾನು, ತೆಗೀರಿ ಅಂತಿರೋಳೂ ನಾನು. ನನ್ನ ತಪ್ಪನ್ನ ಹೊತ್ಕೊಂಡು ನೀವು ಎಸೆಯೋದು ನನಗೆ ಬೇಕಾಗಿಲ್ಲ.”

ಅವನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನ ಹುಬ್ಬು ಮೇಲೇರಿತು. ಎದ್ದು ಹೋಗಿ ಅರ, ಎಮರಿ ಪೇಪರ್ ಎರಡೂ ತಂದ. ಫೋನನ್ನು ಗೋಡೆಗೆ ಒರಗಿಸಿ ಉಜ್ಜತೊಡಗಿದ.

“ಒಂದೇ ಕಡೆ ಉಜ್ಜಬೇಡಿ, ತಗ್ಗಾಗುತ್ತೆ. ಅಂಚಿನ ಉದ್ದಕ್ಕೂ, ಹಗುರವಾಗಿ.”

“ಒಂದು ಹೋತ್ರಿ.”

“ಏಳು?”

“ಏಳು ಭಾಳ ಗಟ್ಟಿ ಐತ್ರಿ, ನಿಮ್ಮಂಗ.”

ಆ ಹೊತ್ತಿನಲ್ಲೂ ನಗು ಬಂತು. ಸಾವಿರಾರು ಮೈಲಿ ದೂರದಲ್ಲಿ ನನ್ನ ನಂಬರು ಕರಗುವುದನ್ನು ಇಬ್ಬರೂ ಕಣ್ಣು ಮಿಟುಕಿಸದೆ ನೋಡಿದೆವು. ಅರ್ಧ ಗಂಟೆಯ ನಂತರ ಮೆಸೇಜ್ ಬಂತು: ‘2002 ಗ್ರಾಂ. ಪಾಸ್.’ ನಾನು ಹೆಚ್ಚಿಗೆ ಇಟ್ಟ ಐದು ಗ್ರಾಮಿನಲ್ಲಿ ಮೂರು ಹೋಗಿ ಎರಡು ಉಳಿದಿತ್ತು. ಆಗ ಅತ್ತುಬಿಟ್ಟೆ.

ಅಲ್ಲಿ ಸಂಜೆ ಏಳು, ನಮ್ಮಲ್ಲಿ ಮೂರೂವರೆ, ಟೀ ಹೊತ್ತು. ಕ್ಯಾಂಟೀನಿನಲ್ಲಿ ನನ್ನ ಫೋನನ್ನು ನೀರಿನ ಜಗ್ಗಿಗೆ ಒರಗಿಸಿ ನಲವತ್ತು ಜನ ಮುತ್ತಿದ್ದೆವು.

ಮೊದಲ ಎಸೆತ ಬಲೆಗೆ ಬಡಿಯಿತು. ಎರಡನೆಯದು ಐವತ್ತಾರು. ಮೂರನೆಯದು ಐವತ್ತೆಂಟು ತೊಂಬತ್ತು. ಎಂಟನೆಯವನಾಗಿ ಉಳಿದುಕೊಂಡ, ಇನ್ನು ಮೂರು ಅವಕಾಶ. ನಾಲ್ಕು, ಐದು ಎರಡೂ ಫೌಲ್. ಶ್ಯಾಮಣ್ಣ ಟೀ ಲೋಟ ಕೆಳಗಿಟ್ಟು ಕಣ್ಣು ಮುಚ್ಚಿಕೊಂಡರು.

ಆರನೆಯದು. ವೃತ್ತದೊಳಗೆ ಬಂದು ನಿಂತವನು ಡಿಸ್ಕಸ್ಸಿನ ಅಂಚಿನ ಒಂದು ಜಾಗವನ್ನು ಹೆಬ್ಬೆರಳಿನಿಂದ ಸವರಿದ. ಅಲ್ಲೇನೂ ಇರಲಿಲ್ಲ. ಏನಿತ್ತೆಂದು ಅಷ್ಟು ಜನರಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.

ತಿರುಗಿದ. ಬಿಟ್ಟ. ಅದು ಹೋಯಿತು, ಹೋಗುತ್ತಲೇ ಇತ್ತು.

ತೆರೆಯ ಮೇಲೆ ಅಂಕಿ ಬಂತು. ಅರವತ್ತು ಮೀಟರ್ ಹದಿನಾಲ್ಕು ಸೆಂಟಿಮೀಟರ್. ಐದನೇ ಸ್ಥಾನ. ಕ್ಯಾಂಟೀನಿನ ತಗಡು ಅದುರುವ ಹಾಗೆ ಕೂಗಿದೆವು.

“ಐದನೇದಕ್ಕೆ ಮೆಡಲ್ ಇರುತ್ತೇನಮ್ಮ?” ಶ್ಯಾಮಣ್ಣ ಕೇಳಿದರು.

“ಇಲ್ಲ ಶ್ಯಾಮಣ್ಣ.”

“ಮತ್ತೆ ಈ ಪಾಟಿ ಕುಣೀತಿದೀಯ?”

“ಖರೇ ಅರವತ್ತು!” ಎಂದೆ, ಅವನದೇ ಮಾತಿನಲ್ಲಿ. ಏಷ್ಯಾದ ಅಷ್ಟೂ ಕಣ್ಣುಗಳ ಮುಂದೆ, ತೂಗಿ ನೋಡಿದ ಡಿಸ್ಕಸ್ಸಿನಲ್ಲಿ, ಒಂದು ಗ್ರಾಮಿನ ಮೋಸವಿಲ್ಲದ ಅರವತ್ತು. ಅಷ್ಟು ಹೆಮ್ಮೆ ನನಗೆ ನನ್ನ ಬಗ್ಗೆ ಎಂದೂ ಆಗಿರಲಿಲ್ಲ.

ನಾಲ್ಕು ದಿನ ಬಿಟ್ಟು, ಊಟದ ಬೆಲ್ ಆದಮೇಲೆ, ಬಾಗಿಲು ಮತ್ತೆ ತುಂಬಿತು. ಅದೇ ಪ್ರೆಸ್ ಶಾಪಿನ ಯೂನಿಫಾರ್ಮ್, ಅದೇ ಟವೆಲ್. ಡಿಸ್ಕಸ್ಸನ್ನು ಮೇಜಿನ ಮೇಲಿಟ್ಟ. ಉಜ್ಜಿದ ಜಾಗ ಮಾತ್ರ ಹೊಸ ಉಕ್ಕಿನ ಹಾಗೆ ಹೊಳೆಯುತ್ತಿತ್ತು.

“ಏನೋ ಹೇಳೋದಿದೆ ಅಂದಿದ್ರಿ.”

“ಹೌದ್ರಿ.” ಬಾಯಿ ತೆರೆದ, ಮುಚ್ಚಿದ. ಕಿವಿ ಕೆಂಪಾಯಿತು. ಅರವತ್ತು ಮೀಟರ್ ಎಸೆದವನಿಗೆ ಎರಡಡಿ ಆಚೆ ಇದ್ದ ನನ್ನವರೆಗೆ ಒಂದು ಮಾತು ತಲುಪಿಸಲಾಗಲಿಲ್ಲ. ಕೊನೆಗೆ ನನ್ನ ಪಂಚ್ ಎತ್ತಿ ನನ್ನ ಅಂಗೈಯಲ್ಲಿಟ್ಟ.

“ಇನ್ನೊಮ್ಮೆ ಹೊಡೀರಿ.”

“ಹೊಡೆದ್ರೆ ಇನ್ಯಾವ ಕೂಟದಲ್ಲೂ ಇದು ನಡೆಯಲ್ಲ.”

“ಗೊತ್ತೈತ್ರಿ. ಕೂಟಕ್ಕ ಬ್ಯಾರೇದು ತಗೋತೀನಿ. ಇದು ಮನ್ಯಾಗ ಇರಲಿ.”

“ಯಾರ ಮನೇಲಿ?”

ಈಗ ನೆಲ ನೋಡಲಿಲ್ಲ. ನೇರ ನನ್ನ ಕಣ್ಣನ್ನೇ ನೋಡಿದ. “ನಮ್ಮನ್ಯಾಗ್ರಿ. ನಿಮ್ದೂ ನಂದೂ.”

ಹೊಳೆಯುವ ಜಾಗದ ಮೇಲೆ ಪಂಚ್ ಇಟ್ಟು ಸುತ್ತಿಗೆ ಎತ್ತಿದೆ. ಆರು ವರ್ಷಗಳಲ್ಲಿ ಮೊದಲ ಸಲ ಪಂಚ್ ನೋಡದೆ, ಅವನನ್ನು ನೋಡುತ್ತ ಹೊಡೆದೆ. ಟಕ್.

ಅವನು ಬಗ್ಗಿ ನೋಡಿದ. “ಸೊಟ್ಟ ಬಿತ್ತಲ್ರಿ.”

“ಇರ್ಲಿ ಬಿಡಿ,” ಎಂದೆ. “ಇದನ್ನ ಇನ್ಯಾರೂ ಚೆಕ್ ಮಾಡಲ್ಲ.”