ಮುರುಗೋಡು, ಗಿರ್ಲು ಮತ್ತು ಹೆಸರಿಲ್ಲದ ಮೀನು

ಬಲು ಹಿಂದೆ, ಹೊಳೆಗಳು ಮನುಷ್ಯರ ಮಾತಿಗೆ ಕಿವಿಗೊಡುತ್ತಿದ್ದ ಕಾಲದಲ್ಲಿ, ನೀಲವತಿ ಎಂಬ ರಾಜ್ಯವಿತ್ತು. ಅದರ ನಡುವೆ ತುಂಬೆಹೊಳೆ ಹರಿಯುತ್ತಿತ್ತು. ಹೊಳೆಯ ತುಂಬ ಮೀಸೆಯ ಮೀನುಗಳು. ಮೈಮೇಲೆ ಹುರುಪೆ ಇಲ್ಲ, ಬಾಯಿಯ ಸುತ್ತ ಬೆಕ್ಕಿಗಿರುವಂಥ ಮೀಸೆ.

ಆ ರಾಜ್ಯದ ರಾಜಕುಮಾರ ನನ್ನಿದೇವ. ಹೆತ್ತ ತಾಯಿ ಹೆರಿಗೆಯಲ್ಲೇ ತೀರಿಕೊಂಡಿದ್ದರಿಂದ ಬೆಸ್ತರ ಹಟ್ಟಿಯಿಂದ ಬಂದ ದಾದಿಯೊಬ್ಬಳು ಅವನನ್ನು ಸಾಕಿದಳು. ಅವನು ಅವಳನ್ನು ಅವ್ವ ಎನ್ನುತ್ತಿದ್ದ. ಎಳೆಬಿಸಿಲಿನಲ್ಲಿ ಅವಳು ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹೊಳೆಗೆ ಹೋಗುತ್ತಿದ್ದಳು. ಬುಟ್ಟಿಯಲ್ಲಿ ಮೀನೆತ್ತಿ, ಅವನ ಪುಟ್ಟ ಕೈಯನ್ನು ಅದರ ಮೈಮೇಲೆ ಆಡಿಸುತ್ತಿದ್ದಳು. ಮೀಸೆ ಎಷ್ಟುದ್ದ, ಬೆನ್ನಿನ ರೆಕ್ಕೆ ಎಲ್ಲಿಂದ ಎಲ್ಲಿಯವರೆಗೆ, ಮುಳ್ಳು ಎಲ್ಲಿದೆ ಎಂದು ತೋರಿಸುತ್ತಿದ್ದಳು. ಇದು ಯಾವ ಮನೆತನದ್ದು, ಇದರ ದಾಯಾದಿ ಯಾರು ಎಂದು ನೆಂಟರ ಸುದ್ದಿ ಹೇಳಿದ ಹಾಗೆ ಹೇಳಿ, ಮೀನನ್ನು ನೀರಿಗೆ ಬಿಡುತ್ತಿದ್ದಳು. ಅವಳ ಸೆರಗಿಗೆ ಯಾವಾಗಲೂ ಹೊಳೆಯ ವಾಸನೆ. ಅದನ್ನು ಮೂಸುತ್ತಲೇ ಹುಡುಗ ನಿದ್ದೆಹೋಗುತ್ತಿದ್ದ.

ಹುಡುಗ ಬೆಳೆದ. ಕತ್ತಿ ಹಿಡಿದ, ಕುದುರೆ ಏರಿದ. ದಾದಿ ತನ್ನ ಹಟ್ಟಿಗೆ ಹಿಂತಿರುಗಿದಳು. ಇವತ್ತು ಹೋಗಿ ನೋಡೋಣ, ನಾಳೆ ಹೋಗಿ ನೋಡೋಣ ಎನ್ನುತ್ತ ಅವನು ಹೋಗಲೇ ಇಲ್ಲ.

ಆಗ ಒಂದೇ ಮೀನಿಗೆ ಹೊಳೆ ದಾಟುವ ಮೇಲಿನ ಕಡವಿನಲ್ಲಿ ಒಂದು ಹೆಸರು, ಕೆಳಗಿನ ಕಡವಿನಲ್ಲಿ ಇನ್ನೊಂದು. ಇದೇ ಜಗಳ ದಿನಾ ಆಸ್ಥಾನಕ್ಕೆ ಬರುತ್ತಿತ್ತು. ಬೇಸತ್ತ ಹಿರಿಯ ಅರಸ, ಇನ್ನು ಮೇಲೆ ಎಲ್ಲಕ್ಕೂ ಮೀಸೆಮೀನು ಎಂಬ ಹೆಸರೊಂದೇ ಸಾಕು ಎಂದು ಡಂಗುರ ಸಾರಿಸಿದ. ಜನ ಒಪ್ಪಿಕೊಂಡರು. ದೊಡ್ಡವರು ಹಳೆಯ ಹೆಸರುಗಳನ್ನು ಬಿಟ್ಟರು, ಮಕ್ಕಳು ಕಲಿಯಲಿಲ್ಲ.

ಹಿರಿಯ ಅರಸ ತೀರಿಕೊಂಡು ನನ್ನಿದೇವ ಪಟ್ಟಕ್ಕೆ ಬಂದ ಮೇಲೆ, ಬೂದಿಬಣ್ಣದ ಬಟ್ಟೆ ತೊಟ್ಟ ಒಬ್ಬ ಮಾಯಾವಿ ಆ ರಾಜ್ಯಕ್ಕೆ ಬಂದ. ಜನ ಹೆಸರು ಹಿಡಿದು ಕರೆಯುವುದನ್ನು ಬಿಟ್ಟಿದ್ದೆಲ್ಲ ಅವನ ವಶವಾಗುತ್ತಿತ್ತು. ಅದೇ ಅವನ ಮಾಯೆ. ಅವನು ಹೊಳೆಯ ದಡದಲ್ಲಿ ನಿಂತು ಕೈಬೀಸಿದ. ಮೀಸೆಯ ಮೀನುಗಳೆಲ್ಲ ಸಾಲಾಗಿ ಹೊರಟು, ಕಾಡಿನ ನಡುವಿದ್ದ ಅವನ ಕರಿಮಡುವಿಗೆ ಸೇರಿಕೊಂಡವು. ಬಲೆಗಳು ಬರಿದಾದವು. ಹೊಳೆ ಕೊಳೆತು ನಾರತೊಡಗಿತು. ಬೆಸ್ತರು ಹಟ್ಟಿ ಬಿಟ್ಟು ಹೋಗುವ ಮಾತಾಡಿದರು.

ಒಬ್ಬಳು ಮಾತ್ರ ಹಳೆಯ ಹೆಸರುಗಳನ್ನು ಬಿಟ್ಟಿರಲಿಲ್ಲ. ಮೀನುಗಳನ್ನು ಕರೆದು ತರುತ್ತೇನೆಂದು ಹೇಳಿ ಕರಿಮಡುವಿಗೆ ಹೋದವಳು ಹಿಂತಿರುಗಲಿಲ್ಲ. ಅವಳು ಅರಸನ ದಾದಿ; ಹಟ್ಟಿಯಲ್ಲೂ ಬಹುಕಾಲದಿಂದ ಎಲ್ಲರ ಬಾಯಲ್ಲಿ ಅವಳು ಬರೀ ದಾದಿ. ಸುದ್ದಿ ಕೇಳಿದ ನನ್ನಿದೇವ ಊಟದ ಎಲೆಯ ಮುಂದಿನಿಂದ ಎದ್ದವನೇ ಹೊರಟ. ಹಟ್ಟಿಯ ಜನ ಅವನ ಹಿಂದೆ ನಡೆದರು.

ಮಡುವಿನ ದಡದಲ್ಲಿ ಮಾಯಾವಿ ಮೂರು ಗಡಿಗೆ ಇಟ್ಟುಕೊಂಡು ಕೂತಿದ್ದ. ಮೂರರಲ್ಲೂ ಇರುವವರ ಹೆಸರು ಸರಿಯಾಗಿ ಹೇಳಿದರೆ ಎಲ್ಲವನ್ನೂ ಬಿಡುತ್ತೇನೆ, ತಪ್ಪಿದರೆ ನೀನೂ ಹೆಸರು ಕಳೆದುಕೊಂಡು ಈ ಮಡುವಿನ ಮೀನಾಗಬೇಕು ಎಂದ. ನನ್ನಿದೇವ ಒಪ್ಪಿದ.

ಮೊದಲನೆಯ ಗಡಿಗೆಯಲ್ಲಿ ಮಸಿಯಂಥ ನೀರು. ಒಳಗೆ ಎರಡು ಮೀನು, ಕಣ್ಣಿಗೆ ಕಾಣವು. ಅವನು ಕೈ ಇಳಿಸಿದ. ಎರಡೂ ನುಣುಪು, ಎರಡೂ ಉದ್ದ, ಎರಡಕ್ಕೂ ನಾಲ್ಕು ಜೊತೆ ಮೀಸೆ. ಒಂದರ ಬೆನ್ನಿನ ಮೇಲೆ ಬೆರಳಾಡಿಸಿದ. ರೆಕ್ಕೆ ಕತ್ತಿನ ಹಿಂದಿನಿಂದ ಶುರುವಾಗಿ ಬಾಲದವರೆಗೂ ಹೋಯಿತು. ಇನ್ನೊಂದರ ಬೆನ್ನಿನ ಮೇಲೆ ಗುಬ್ಬಿಯ ಗರಿಯಷ್ಟೇ ರೆಕ್ಕೆ, ಆಮೇಲೆ ಬರಿಮೈ. ಅಷ್ಟರಲ್ಲಿ ಅದು ಕುಟುಕಿತು. ನೋವು ಮೊಣಕೈವರೆಗೂ ಏರಿತು. ಅವನಿಗೆ ನಗು ಬಂತು, ಕಣ್ಣೂ ತುಂಬಿತು. ಇದೇ ನೋವಿಗೆ ಅತ್ತಿದ್ದ ಒಂದು ಬೆಳಗ್ಗೆ ಅವ್ವ ಬಿಸಿ ಉಪ್ಪಿನ ಗಂಟಿನಿಂದ ಅವನ ಬೆರಳಿಗೆ ಕಾವು ಕೊಟ್ಟಿದ್ದಳು.

"ಉದ್ದ ರೆಕ್ಕೆಯದು ಮುರುಗೋಡು. ಕುಟುಕಿದ್ದು ಚೇಳುಮೀನು," ಎಂದ. "ನೋಡಲು ಒಂದೇ ಥರ, ಮನೆತನ ಬೇರೆ."

ಗಡಿಗೆ ಒಡೆಯಿತು. ಅಂಥ ಮೀನುಗಳೆಲ್ಲ ಮಡುವಿನಿಂದ ಹಾರಿ ಹೊಳೆಯತ್ತ ತೆವಳಿದವು.

ಎರಡನೆಯ ಗಡಿಗೆಯ ನೀರು ತಿಳಿಯಾಗಿತ್ತು. ಒಂದು ಮೀನು ಹೊನ್ನಿನ ಬಣ್ಣದ್ದು, ಬದಿಯಲ್ಲಿ ಗೆರೆಗಳು. ಇನ್ನೊಂದು ಅದರ ಎರಡರಷ್ಟು ದೊಡ್ಡದು, ಹಂಚಿನ ತಳದಂತೆ ಕಪ್ಪು. ಎರಡು ಹೆಸರು ಹೇಳು ಎಂದು ಮಾಯಾವಿ ಅವಸರಪಡಿಸಿದ. ನನ್ನಿದೇವನ ನಾಲಿಗೆಯ ತುದಿಗೆ ಎರಡು ಹೆಸರು ಬಂದೂ ಇದ್ದವು. ಆದರೆ ಕಿವಿಯಲ್ಲಿ ಹಳೆಯ ದನಿಯೊಂದು ನಕ್ಕಂತಾಯಿತು: ಬಣ್ಣ ನೋಡಿ ಮೋಸಹೋಗಬೇಡ ಮಗಾ, ದಿನವೆಲ್ಲ ಕೆಸರಲ್ಲಿ ಬಿದ್ದಿದ್ದರೆ ನಾನೂ ಕಪ್ಪಾಗುತ್ತೇನೆ.

ಅವನು ಬಗ್ಗಿ ನೋಡಿದ. ಎರಡರ ಮೀಸೆಯೂ ಬಾಲ ಮುಟ್ಟುವಷ್ಟು ಉದ್ದ. ಎರಡರ ಬೆನ್ನಿನ ರೆಕ್ಕೆಗೂ ಮುಂದೆ ಮುಳ್ಳು, ಹಿಂದೆ ಎಲುಬಿಲ್ಲದ ಮೆತ್ತನೆಯ ಮರಿರೆಕ್ಕೆ.

"ಇಲ್ಲಿ ಎರಡು ಹೆಸರಿಲ್ಲ. ಎರಡೂ ಗಿರ್ಲು. ಒಂದು ತಿಳಿನೀರಿನ ಮರಿ, ಇನ್ನೊಂದು ಕೆಸರಿನಲ್ಲಿ ಬಲಿತದ್ದು."

ಆ ಗಡಿಗೆಯೂ ಒಡೆಯಿತು. ಮಡು ಅರ್ಧ ಬರಿದಾಯಿತು. ಮಾಯಾವಿಯ ಮುಖ ಬಾಡಿತು, ಆದರೂ ಅವನು ಮೂರನೆಯ ಗಡಿಗೆಯನ್ನು ನಗುತ್ತಲೇ ಮುಂದೆ ತಳ್ಳಿದ.

ಅದರಲ್ಲಿ ಒಂದೇ ಮೀನು. ನನ್ನಿದೇವ ಮುಟ್ಟಿ ನೋಡಿದ. ಮುಳ್ಳಿಲ್ಲ. ಮೀಸೆ ನರೆತ ಕೂದಲಿನಂತೆ ಬೆಳ್ಳಗೆ. ರೆಕ್ಕೆ ಯಾವ ಮನೆತನಕ್ಕೂ ಹೊಂದಲಿಲ್ಲ. ಮೀನು ಅವನ ಅಂಗೈಗೆ ತಲೆಯಿಟ್ಟು ಸುಮ್ಮನಾಯಿತು. ಅವನಿಗೆ ತಿಳಿದುಹೋಯಿತು.

"ಇದು ಮೀನಲ್ಲ. ಇವಳು ನನ್ನ ಅವ್ವ."

"ಇರಬಹುದು. ಹೆಸರು ಹೇಳು," ಎಂದ ಮಾಯಾವಿ. "ಲೋಕದ ಮಕ್ಕಳೆಲ್ಲ ಅವ್ವ ಅಂತಲೇ ಕರೆಯುತ್ತಾರೆ. ಮೀಸೆಮೀನು ಅಂದ ಹಾಗಾಯಿತು ಅದು."

ನನ್ನಿದೇವ ಅಂಗೈಯಲ್ಲಿದ್ದ ಮೀನನ್ನು ನೋಡಿದ. ಅವಳ ತೊಡೆಯ ಮೇಲೆ ಬೆಳೆದಿದ್ದ, ಅವಳ ಕೈಯಿಂದ ಉಂಡಿದ್ದ, ಹೊಳೆಯ ಮೀನುಗಳ ಹೆಸರನ್ನೆಲ್ಲ ಅವಳ ಬಾಯಿಂದ ಕಲಿತಿದ್ದ. ಅವಳ ಹೆಸರು ಅವನಿಗೆ ಗೊತ್ತಿರಲಿಲ್ಲ.

ಆಗ ಒಂದು ಸಂಜೆ ನೆನಪಾಯಿತು. ಅವರಿಬ್ಬರೂ ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಆಚೆ ದಡದಿಂದ, ದೋಣಿ ಕಟ್ಟುತ್ತಿದ್ದ ಅವಳ ಅಣ್ಣ ಅವಳನ್ನು ಕೂಗಿದ; ಗಾಳಿಯ ಸದ್ದಿನಲ್ಲಿ ಹೆಸರು ಹುಡುಗನಿಗೆ ಸರಿಯಾಗಿ ಕೇಳಿಸಲಿಲ್ಲ. ಅವ್ವ ತಟ್ಟನೆ ತಲೆಯೆತ್ತಿದಳು. ಆ ಕ್ಷಣ ಅವಳ ಮುಖ ಲಂಗ ತೊಟ್ಟ ಹುಡುಗಿಯ ಮುಖವಾಯಿತು. ಅವ್ವ ಬೇರೆಯವರಿಗೂ ಸೇರಿದವಳು ಎಂಬುದನ್ನು ಪುಟ್ಟ ನನ್ನಿದೇವನಿಗೆ ಸಹಿಸಲಾಗಲಿಲ್ಲ. ಅಣ್ಣ ಮತ್ತೆ ಕೂಗುವಷ್ಟರಲ್ಲಿ ಎರಡೂ ಕಿವಿ ಮುಚ್ಚಿಕೊಂಡುಬಿಟ್ಟ. ಹಾಗಾಗಿ ಆ ಮುಖ ನೆನಪಿನಲ್ಲಿ ಉಳಿದಿತ್ತು, ಹೆಸರು ಉಳಿದಿರಲಿಲ್ಲ.

ಅವನು ಹಿಂತಿರುಗಿ ಜನರತ್ತ ನೋಡಿದ. ಹಟ್ಟಿಯವರ ನಡುವೆ ಕೋಲೂರಿ ನಿಂತಿದ್ದ ಬೊಮ್ಮಯ್ಯನೆಂಬ ಮುದುಕನೇ ಆ ಅಣ್ಣ. ಅರಸ ಅವನ ಬಳಿಗೆ ನಡೆದು ಕೈಮುಗಿದ.

"ಬೊಮ್ಮಣ್ಣ, ಅವತ್ತು ನಾನು ಕೇಳಿಸಿಕೊಳ್ಳಲಿಲ್ಲ. ಇನ್ನೊಮ್ಮೆ ಕೂಗು."

ಮುದುಕ ಗಂಟಲು ಸರಿಮಾಡಿಕೊಂಡ. ಅಂಗೈಗಳನ್ನು ಬಾಯಿಯ ಸುತ್ತ ಇಟ್ಟು, ಹೊಳೆಯಾಚೆಗೆ ಕೂಗುವವನ ಹಾಗೆ ಉದ್ದಕ್ಕೆ ಕೂಗಿದ: "ಸಂಪೀ..."

ಗಡಿಗೆಯ ನೀರು ಕಲಕಿತು. ನನ್ನಿದೇವ ಅಲ್ಲಿಗೆ ಬಂದು ಮೊಣಕಾಲೂರಿ, ಮೆಲ್ಲಗೆ, ಹೊಸ ಮಾತು ಕಲಿಯುವ ಕೂಸಿನಂತೆ ಆ ಹೆಸರು ಹೇಳಿದ. "ಸಂಪಿ. ನೀನು ಸಂಪಿ."

ಗಡಿಗೆ ಒಡೆದು, ಒದ್ದೆ ಸೆರಗಿನ ಮುದುಕಿ ಅವನೆದುರು ಕೂತಿದ್ದಳು. ಉಳಿದ ಮೀನುಗಳೆಲ್ಲ ಬಿಡುಗಡೆಯಾಗಿ ಸಾಲಾಗಿ ಹೊಳೆಯತ್ತ ಹೊರಟವು. ಅವುಗಳ ಜೊತೆಗೆ ಮಾಯಾವಿಯ ಬಲವೂ ಹರಿದುಹೋಗಿ, ನಡುಗುವ ಮುದುಕನೊಬ್ಬ ಉಳಿದ. ನಿಮ್ಮವ್ವ ನಿನ್ನನ್ನು ಏನೆಂದು ಕರೆಯುತ್ತಿದ್ದಳು ಎಂದು ಸಂಪಿ ಕೇಳಿದಳು. ಮಾಯೆಯ ಆಸೆಗೆ ಹೆಸರನ್ನೇ ಮಾರಿಕೊಂಡಿದ್ದ ಅವನಿಗೆ ನೆನಪಾಗಲಿಲ್ಲ, ಅಳು ಬಂತು. ಅವಳು ಅವನಿಗೆ ತುಂಬಯ್ಯ ಎಂದು ಹೆಸರಿಟ್ಟಳು. ಮುಂದೆ ಅವನು ಬೊಮ್ಮಯ್ಯನ ದೋಣಿಯಲ್ಲಿ ಹುಟ್ಟು ಹಾಕಿಕೊಂಡು ಉಳಿದ.

ನನ್ನಿದೇವ ಹಳೆಯ ಆಜ್ಞೆಯನ್ನು ತೆಗೆದುಹಾಕಿದ. ಕಡವುಗಳ ಜನ ತಮ್ಮ ತಮ್ಮ ಹೆಸರನ್ನು ಇಟ್ಟುಕೊಂಡೇ ಪಕ್ಕದವರ ಹೆಸರನ್ನೂ ಕಲಿತರು.

ಸಂಪಿ ಅರಮನೆಗೆ ಬರಲು ಒಪ್ಪಲಿಲ್ಲ. ಅರಸನೇ ಎಳೆಬಿಸಿಲಿನಲ್ಲಿ ಹೊಳೆಯ ಮೆಟ್ಟಿಲಿಗೆ ಬರತೊಡಗಿದ. ಇನ್ನು ಮೇಲೆ ನಿನ್ನನ್ನು ಹೆಸರು ಹಿಡಿದೇ ಕರೆಯಲೇ ಎಂದು ಒಂದು ದಿನ ಕೇಳಿದ.

"ಅವ್ವ ಅಂತಲೇ ಕರಿ ಮಗಾ," ಎಂದಳು ಅವಳು, ಬುಟ್ಟಿಯನ್ನು ನೀರಿಗೆ ಇಳಿಸುತ್ತ. "ಹೆಸರು ಗೊತ್ತಿದ್ದೂ ಅವ್ವ ಅಂದರೆ ಅದರ ರುಚಿಯೇ ಬೇರೆ."

ನೀಲವತಿಯಲ್ಲಿ ಆಮೇಲೆ ಹೊಳೆ ತುಂಬಿ ಹರಿಯಿತು, ಬಲೆಗಳು ತುಂಬಿದವು, ಒಲೆಗಳು ಉರಿದವು. ತಾಯಿ ಮಗ ಬಹುಕಾಲ ಸುಖವಾಗಿ ಬಾಳಿದರು.