ಅಜ್ಜಿಯ ದನಿ ಇದ್ದ ಡಿಸ್ಕ್

"ಲೇ ಚೈತ್ರಾ, ಗಾಡಿಗೆ ಚಿಮುಕಿಸಿದೇನು? ಮಿಕ್ಸಿಗೆ?"

"ಆತಪ್ಪ, ಎಲ್ಲಾಕೂ ಆತು!"

ಆಯುಧ ಪೂಜೆಯ ದಿನ ಕಾಯಿ ನೀರಿನ ತಂಬಿಗೆ ಕೈಗೆ ಬಂದರೆ ಮುಗಿಯಿತು, ಚೈತ್ರಾಳನ್ನು ಹಿಡಿಯುವವರಿಲ್ಲ. ಒಡೆದ ತೆಂಗಿನಕಾಯಿಯ ನೀರನ್ನು ಪೂಜೆಗಿಟ್ಟ ಪ್ರತಿಯೊಂದಕ್ಕೂ ಚಿಮುಕಿಸುವುದು ಸಿರುಗುಪ್ಪದ ಆ ಮನೆಯ ಪದ್ಧತಿ. ಬೈಕು, ಕುಡುಗೋಲು, ಮಿಕ್ಸಿ, ಅಮ್ಮನ ಹೊಲಿಗೆ ಮಷಿನ್ನು, ಎಲ್ಲವೂ ವಿಭೂತಿ ಕುಂಕುಮ ಹಚ್ಚಿಕೊಂಡು ಸಾಲಾಗಿ ನಿಂತಿದ್ದವು. ಕೊನೆಯಲ್ಲಿ ಕಂಪ್ಯೂಟರು, ಅದರ ಪಕ್ಕದಲ್ಲಿ ಕರೀ ಹಾರ್ಡ್ ಡಿಸ್ಕ್.

"ಕಂಪ್ಯೂಟರ್‌ಗೆ ನೀರು ಬ್ಯಾಡ, ಹೂವಷ್ಟೇ ಇಡು" ಎಂದು ಅಪ್ಪ ಮೊದಲೇ ಹೇಳಿದ್ದ. ಡಿಸ್ಕಿನ ಬಗ್ಗೆ ಏನೂ ಹೇಳಿರಲಿಲ್ಲ. ಅದಕ್ಕೆ ಚೈತ್ರಾ ಕಂಜೂಸಿ ಮಾಡಲಿಲ್ಲ. ಅದರೊಳಗೆ ಅಜ್ಜಿ ಇದ್ದಾಳಲ್ಲ! ಅಂಗೈ ತುಂಬ ನೀರು ಹಿಡಿದು ಸುರಿದಳು. ಸಾಲದೆಂದು ಇನ್ನೊಂದು ಸಲ ಸುರಿದಳು.

ಅಜ್ಜಿ ಎಂದರೆ ಸುಂಕಮ್ಮಜ್ಜಿ, ಅಪ್ಪನ ತಾಯಿ. ಹಚ್ಚೊಳ್ಳಿಯಿಂದ ಬಸ್ಸು ಹತ್ತಿದರೆ ಸಿರುಗುಪ್ಪ ಬರುವವರೆಗೂ ಅವಳದೇ ಮಾತು, ಕಂಡಕ್ಟರನೂ ನಿಂತು ಕೇಳಬೇಕು. ಅಂಥ ಅಜ್ಜಿಗೆ ಹೋದ ವರ್ಷ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಪುಣ್ಯಕ್ಕೆ, ಅದಕ್ಕೂ ಮುಂಚೆ ಅವಳು ಹೇಳಿದ ಕತೆಗಳನ್ನೆಲ್ಲ ಅಪ್ಪ ಫೋನಿನಲ್ಲಿ ರೆಕಾರ್ಡ್ ಮಾಡಿ ಕಂಪ್ಯೂಟರಿಗೆ ಹಾಕಿದ್ದ. ದಿನಾ ಸಂಜೆ ಅಜ್ಜಿ ಅದರ ಮುಂದೆ ಕೂತು ತನ್ನ ಕತೆ ತಾನೇ ಕೇಳುತ್ತಿದ್ದಳು. ನಗುವ ಜಾಗ ಬಂದಾಗ ಚೈತ್ರಾ ನಗುತ್ತಾಳೋ ಇಲ್ಲವೋ ಎಂದು ತಿರುಗಿ ನೋಡುತ್ತಿದ್ದಳು.

ಬೇಸಿಗೆಯಲ್ಲಿ ಕಂಪ್ಯೂಟರ್ ತುಂಬಿಹೋಗಿ ಕುಂಟತೊಡಗಿತು. ಆಗ ಮನೆಯಲ್ಲಿ ದೊಡ್ಡ ವಾದ. ಅಮ್ಮನ ತಮ್ಮ ಹುಲುಗೇಶ ಮಾಮ ಬಳ್ಳಾರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನೆ.

"ಭಾವ, ನೆಟ್‌ವರ್ಕ್ ಡಬ್ಬಿ ತಗೋರಿ" ಎಂದ ಮಾಮ. "ವೈಫೈಗೆ ಜೋಡಿಸಿ ಇಟ್ರ ತಾನೇ ಕಾಪಿ ಮಾಡ್ಕೋತೈತಿ. ಒಳಗ ಎರಡು ಡಿಸ್ಕ್ ಇರ್ತಾವು. ಒಂದು ಕೆಟ್ರೂ ಇನ್ನೊಂದು ಇರ್ತೈತಿ."

"ನಮ್ಮೂರ ಕರೆಂಟಿಗೆ ನಿನ್ನ ಡಬ್ಬಿ ಉಳಿತೈತೇನಲೇ?" ಎಂದು ಅಪ್ಪ ನಕ್ಕ. "ಕೈಯಾಗ ಹಿಡಿಯೋ ಎಕ್ಸ್‌ಟರ್ನಲ್ ಡಿಸ್ಕ್ ಸಾಕು. ಬೀರುನಾಗ ಇಟ್ಟು ಬೀಗ ಹಾಕಿದ್ರ ಆತು."

"ಯಾವ್ದರ ತಗೋರಿ. ಕಂಪ್ಯೂಟರ್‌ನಾಗಿಂದು ಮಾತ್ರ ಅಳಿಸಬ್ಯಾಡ್ರಿ."

ಅಪ್ಪ ತಲೆಯಾಡಿಸಿದ. ಡಿಸ್ಕ್ ತಂದು ಎಲ್ಲವನ್ನೂ ಕಾಪಿ ಮಾಡಿದ. ಆಮೇಲೆ, ಬ್ಯಾಕಪ್ ಐತಲ್ಲ ಎಂದುಕೊಂಡು ಕಂಪ್ಯೂಟರಿನಲ್ಲಿದ್ದುದನ್ನು ಅಳಿಸಿದ. ಹಳೇ ಫೋನನ್ನೂ ಎಕ್ಸ್‌ಚೇಂಜಿಗೆ ಕೊಟ್ಟ. ದೊಡ್ಡವರಿಗೆ ಯಾರು ಹೇಳಬೇಕು!

ಪೂಜೆಯ ಸಂಜೆ ಅಜ್ಜಿ ಎಂದಿನಂತೆ ಬಂದು ಕೂತಳು. ಅಪ್ಪ ಡಿಸ್ಕಿನ ಮೇಲಿನ ಕುಂಕುಮ ಒರೆಸಿ ವೈರ್ ಚುಚ್ಚಿದ. ಟಕ್, ಟಕ್, ಟಕ್ ಎಂದು ಸದ್ದು ಬಂತು. ಸ್ಕ್ರೀನಿನಲ್ಲಿ ಏನೂ ಬರಲಿಲ್ಲ. ಕಿತ್ತು ಮತ್ತೆ ಚುಚ್ಚಿದ. ಸುಟ್ಟ ವಾಸನೆ ಬಂತು.

"ಕರೆಂಟ್ ಜಾಸ್ತಿ ಬಂದಿರಬೇಕು ನೋಡ್ರಿ" ಎಂದಳು ಅಮ್ಮ.

ಚೈತ್ರಾ ಮೂಲೆಯಲ್ಲಿದ್ದ ಕಾಯಿ ನೀರಿನ ತಂಬಿಗೆಯನ್ನು ಮೆಲ್ಲಗೆ ಒಳಗೆ ಒಯ್ದಿಟ್ಟಳು. ಅಜ್ಜಿ ಕತೆ ಈಗ ಬರುತ್ತದೆ ಎಂದು ಕಾಯುತ್ತಲೇ ಇದ್ದಳು.

ಡಿಸ್ಕನ್ನು ಬಳ್ಳಾರಿಗೆ ಒಯ್ದ ಮಾಮ ಮುಂದಿನ ಭಾನುವಾರ ಮುಖ ಸಣ್ಣದು ಮಾಡಿಕೊಂಡು ಬಂದ. ಅಪ್ಪನನ್ನು ಹಿತ್ತಲಿಗೆ ಕರೆದ. ಚೈತ್ರಾ ಹಿಂದೆಯೇ ಹೋದಳು.

"ಏನೂ ಉಳಿದಿಲ್ಲ ಭಾವ. ಬ್ಯಾರೆ ಬೋರ್ಡ್ ಹಾಕ್ಸಿ ನೋಡಿದೆ, ಒಳಗಿನ ಪ್ಲೇಟೂ ಗೀಚಿ ಹೋಗೈತಿ. ನೀರು ಹೊಕ್ಕೈತಿ ಅದಕ್ಕ. ಒಳಗೆಲ್ಲ ಅಂಟಂಟು."

"ನೀರು ಎಲ್ಲಿಂದ ಬರ್ತೈತೋ? ದಿನಾ ಬೀರುನಾಗ ಇಡ್ತಿದ್ದೆ, ಪೂಜಿಗಷ್ಟೇ ಹೊರಗ ಇಟ್ಟಿದ್ದೆ!"

"ನಾನಪ್ಪ" ಎಂದಳು ಚೈತ್ರಾ. "ಕಾಯಿ ನೀರು ಹಾಕಿದೆ. ಅಜ್ಜಿ ಅದಾಳ ಅಂತ ಜಾಸ್ತಿ ಹಾಕಿದೆ."

ಅಪ್ಪನ ಕೈ ಮೇಲೆದ್ದಿತು. ಅವಳು ಕಣ್ಣು ಮುಚ್ಚಿದಳು. ಏಟು ಬೀಳಲಿಲ್ಲ. ಕಣ್ಣು ಬಿಟ್ಟರೆ ಅಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದು ಕೂತಿದ್ದ.

"ಅಳಿಸಿದಾಂವ ನಾನು" ಎಂದ ಅಪ್ಪ. "ಅವ್ವಗ ಹೇಳಬ್ಯಾಡ್ರಿ. ಡಿಸ್ಕ್ ರಿಪೇರಿಗೆ ಹೋಗೈತಿ ಅಂತ ಹೇಳೂನು."

ಅವತ್ತಿನಿಂದ ಎಲ್ಲರೂ ಹಾಗೇ ಹೇಳಿದರು. ಅಜ್ಜಿ ದಿನಾ ಸಂಜೆ ಬೆರಳು ತೋರಿಸುವಳು. ಅಪ್ಪ "ನಾಳಿಗೆ ಬರ್ತೈತವ್ವ" ಎನ್ನುವನು. ಅಜ್ಜಿ ತಲೆಯಾಡಿಸಿ ಎದ್ದು ಹೋಗುವಳು. ಚೈತ್ರಾ ಉಣ್ಣುವುದನ್ನು ಅರ್ಧಕ್ಕೇ ಬಿಟ್ಟು ಏಳುವಳು.

ದೀಪಾವಳಿಯ ಹೊತ್ತಿಗೆ ಮಾಮ ನೆಟ್‌ವರ್ಕ್ ಡಬ್ಬಿಯನ್ನೂ ತಂದ, ಹೊಸ ಎಕ್ಸ್‌ಟರ್ನಲ್ ಡಿಸ್ಕನ್ನೂ ತಂದ. ಈ ಸಲ ವಾದವಿಲ್ಲ. ಮಾಮ ಹೇಳಿದ್ದಕ್ಕೆಲ್ಲ ಅಪ್ಪ ಹೂಂ ಎಂದ.

"ಡಬ್ಬಿ ಇಲ್ಲಿರ್ಲಿ. ಡಿಸ್ಕ್ ಬಳ್ಳಾರಿಗೆ ನಮ್ಮನಿಗೆ ಒಯ್ತೀನಿ. ಇಲ್ಲಿ ಏನರ ಆದ್ರೂ ಅಲ್ಲೊಂದು ಇರ್ತೈತಿ" ಎಂದು ಮಾಮ ವೈರ್ ಜೋಡಿಸಿದ. ಡಬ್ಬಿಯಲ್ಲಿ ಹಸಿರು ದೀಪ ಮಿನುಗಿತು. ಮಾಮ 'ಅಜ್ಜಿ' ಎಂದು ಒಂದು ಖಾಲಿ ಫೋಲ್ಡರ್ ಮಾಡಿದ. ಹಾಕುವುದಕ್ಕೆ ಏನಿತ್ತು?

ದೀಪ ಕಂಡದ್ದೇ ಅಜ್ಜಿ ಗೋಡೆ ಹಿಡಿದುಕೊಂಡು ಬಂದಳು. ಕುರ್ಚಿಯಲ್ಲಿ ಕೂತು ಸೆರಗು ಸರಿ ಮಾಡಿಕೊಂಡಳು. ಮುಖದ ತುಂಬ ನಗು.

ಚೈತ್ರಾಳಿಂದ ತಡೆಯಲಾಗಲಿಲ್ಲ. ಅಜ್ಜಿಯ ಕಾಲ ಬಳಿ ಕೂತಳು.

"ಅಜ್ಜಿ, ನಿನ್ನ ಕತಿ ಬರಂಗಿಲ್ಲ. ಎಲ್ಲಾ ಹೋದವು. ನಾನು ಡಿಸ್ಕಿಗೆ ನೀರು ಹಾಕಿ ಕೆಡಿಸಿದೆ. ಇವರೆಲ್ಲಾ ಸುಳ್ಳು ಹೇಳಿದ್ರು."

ಅಜ್ಜಿಯ ನಗು ಹೋಯಿತು. ಬಾಯಿ ಸೊಟ್ಟಗಾಗಿ, "ಆ... ಬಾ... ಆ..." ಎಂದು ದೊಡ್ಡ ದನಿ ಬಂತು. ಬೈದಳೋ ಅತ್ತಳೋ ಯಾರಿಗೂ ತಿಳಿಯಲಿಲ್ಲ. ಅಪ್ಪ ಎದ್ದು ಹೊರಗೆ ಹೋದ. ಚೈತ್ರಾ ಅಲ್ಲೇ ಕೂತಳು. ಎಷ್ಟೋ ಹೊತ್ತಿನ ಮೇಲೆ ಅಜ್ಜಿಯ ಕೈ ಅವಳ ತಲೆಯ ಮೇಲೆ ಬಂತು. ಅದೇ ಒಡಕು ದನಿ ಈಗ ಮೆಲ್ಲಗೆ ಏನನ್ನೋ ಹೇಳತೊಡಗಿತು. ಹೇಳಿ, ನಿಲ್ಲಿಸಿ, ಅವಳ ಮುಖ ನೋಡಿ, ಮತ್ತೆ ಹೇಳಿತು.

"ಮಾಮ, ಫೋನ್ ಕೊಡು" ಎಂದಳು ಚೈತ್ರಾ.

"ಯಾಕ?"

"ಅಜ್ಜಿ ಮಾತಾಡಾಕತ್ಯಾಳ."

ಅವಳು ಫೋನನ್ನು ಅಜ್ಜಿಯ ಬಾಯಿಯ ಹತ್ತಿರ ಹಿಡಿದಳು. ಅಜ್ಜಿ ಸಾಕೆನ್ನುವವರೆಗೂ ಕೈ ಇಳಿಸಲಿಲ್ಲ. ಮಾಮ ಅದನ್ನು ಡಬ್ಬಿಗೆ ಹಾಕಿದ, ಬಳ್ಳಾರಿಗೆ ಹೋಗುವ ಡಿಸ್ಕಿಗೂ ಹಾಕಿದ. ಆಮೇಲೆ ಫೋನ್ ಜೇಬಿಗಿಡಲು ಹೋದ.

ಚೈತ್ರಾ ಅವನ ಕೈ ಹಿಡಿದುಕೊಂಡಳು.

"ಅದ್ರಾಗಿಂದೂ ಅಳಿಸಬ್ಯಾಡ ಮಾಮ."